ಬಾಯಿ ಇಡೋ ಜಾಗಕ್ಕೆ ಇಕ್ಕಳ ಹಾಕ್ಬೇಡಿ

1/10

ಫೋಟೋ ಜೂಮ್ ಮಾಡಿ ನೋಡಿ. ಹಿತ್ತಾಳೆ ಪೈಪಿನ ಮೇಲೆ ಹಲ್ಲು ಮೂಡಿದ ಗುರುತು ಕಾಣ್ತದಲ್ಲ, ಅದು ಇಕ್ಕಳದ್ದು. ಪಕ್ಕದಲ್ಲಿ ಪೈಪು ಸ್ವಲ್ಪ ತಿರುಚಿಕೊಂಡಿದೆ. ಅದರ ಕೆಳಗೆ ಬೆಸುಗೆ ಬಿಟ್ಟು ಕೂದಲೆಳೆಯಷ್ಟು ಸಂದಾಗಿದೆ. ಇದು ನಮ್ಮ ಕಾಲೇಜು ಬ್ಯಾಂಡಿನ ಟ್ರಂಪೆಟ್. ಆಗಿತ್ತು ಅನ್ನೋದು ಸರಿ.

ಮೊನ್ನೆ ಇದೇ ಫೋಟೋ ಸ್ಟೋರಿಗೆ ಹಾಕಿದ್ದೆ. ಬಂದ ರಿಪ್ಲೈಗಳು ಹೀಗಿದ್ವು:

"ಎಂಥ ಮಾರಾಯ, ಒಂದು ಪೀಪಿಗೆ ಇಷ್ಟು ಬೇಜಾರಾ?"
"ಇನ್ನೂ ಸ್ವಲ್ಪ ಜೋರಾಗಿ ಎಳೀಬೇಕಿತ್ತು ನೀವು."
"ಹೋದ್ರೆ ಹೋಯ್ತು ಬಿಡು, ಕಾಲೇಜಿಂದಲ್ವಾ."

ಈ ಮೂರು ಮಾತಿಗೆ ಉತ್ತರ ಕೊಡ್ಲಿಕ್ಕೆ ಹತ್ತು ಪೋಸ್ಟ್ ಬರೀತಿದ್ದೀನಿ. ಒಂದೇ ಕ್ಯಾಪ್ಶನಲ್ಲಿ ಹಿಡಿಸಲ್ಲ, ಅದಕ್ಕೆ ಹತ್ತು. ಬೇಜಾರಾದ್ರೆ ಏಳನೇದು ಮಾತ್ರ ಸೇವ್ ಮಾಡಿಕೊಳ್ಳಿ, ಅದರಲ್ಲಿ ಏನು ಮಾಡಬೇಕು ಅಂತ ಇದೆ. ಆದ್ರೆ ಮೂರನೇದು ಓದಿ ಅಂತ ಕೇಳ್ಕೊಳ್ತೀನಿ. ಅದನ್ನ ಬರೆಯೋದು ನನಗೆ ಕಷ್ಟ ಆಯ್ತು.

ನನ್ನ ವಾದ ಇಷ್ಟೇ. ಟ್ರಂಪೆಟ್ಟಿನಲ್ಲಿ ಮೌತ್‌ಪೀಸ್ ಸಿಕ್ಕಿಕೊಳ್ಳೋದು ಯಾರ ತಪ್ಪೂ ಅಲ್ಲ. ಪ್ರಪಂಚದ ಎಲ್ಲ ಬ್ಯಾಂಡಲ್ಲೂ ಆಗ್ತದೆ, ಅದನ್ನ ತೆಗೆಯೋದಕ್ಕೆ ಅಂತಲೇ ಒಂದು ಸಾಮಾನು ಇದೆ. ಸಿಕ್ಕಿಕೊಂಡಿದ್ದಕ್ಕೆ ವಿದ್ಯಾರ್ಥಿಗೆ ದಂಡ ಹಾಕೋದು ತಪ್ಪು. ದಂಡ ಇರೋ ಕಡೆ ಯಾರೂ ಹೋಗಿ "ಸರ್, ಸಿಕ್ಕಿಕೊಂಡಿದೆ" ಅಂತ ಹೇಳಲ್ಲ. ಕದ್ದು ಇಕ್ಕಳ ತರ್ತಾರೆ. ನಮ್ಮ ಟ್ರಂಪೆಟ್ ಮುರಿದಿದ್ದು ಆ ಹೆದರಿಕೆ.

ಯಾವ ಕಾಲೇಜು, ಯಾವ ಸರ್ ಅಂತ ಹೇಳಲ್ಲ. ಗೊತ್ತಿರೋರು ಕಮೆಂಟಲ್ಲಿ ಹೆಸರು ಹಾಕ್ಬೇಡಿ, ಡಿಲೀಟ್ ಮಾಡ್ತೀನಿ.

2/10

ಏನಾಯ್ತು ಅಂತ ಮೊದಲಿಂದ ಹೇಳ್ತೀನಿ.

ನಮ್ಮ ಬ್ಯಾಂಡು ವರ್ಷಕ್ಕೆ ಎರಡು ಸಲ ಬೆಳಕು ನೋಡೋದು. ಜನವರಿ 26, ಆಗಸ್ಟ್ 15. ನಡುವೆ ಕಾಲೇಜು ಡೇ ಇದ್ದರೆ ಇನ್ನೊಂದು ಸಲ. ಉಳಿದ ದಿನ ವಾದ್ಯ ಎಲ್ಲ ಸ್ಪೋರ್ಟ್ಸ್ ರೂಮಿನ ಕಬ್ಬಿಣದ ಕಪಾಟಲ್ಲಿ. ಕಪಾಟಿನ ಮೇಲೆ ಹರಿದ ವಾಲಿಬಾಲ್ ನೆಟ್ಟು, ಕೆಳಗೆ ಶಾಟ್‌ಪುಟ್ ಗುಂಡು.

ನಾನು ಇರೋದು ವರದಹಳ್ಳಿ. ನಮ್ಮ ಕಡೆ ಮಳೆ ಹೇಗೆ ಅಂತ ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ: ಜುಲೈಯಲ್ಲಿ ಬೆಲ್ಟಿಗೆ ಬೂಷ್ಟು ಬರ್ತದೆ. ಪುಸ್ತಕದ ಹಾಳೆ ಮೆತ್ತಗಾಗಿ ಪೆನ್ನು ಊರ್ತದೆ. ಉಪ್ಪಿನ ಡಬ್ಬಿಯಲ್ಲಿ ನೀರು. ಇಂಥ ಮಳೆಯಲ್ಲಿ ಹಿತ್ತಾಳೆ ವಾದ್ಯಗಳು ಮುಚ್ಚಿದ ಕಪಾಟಲ್ಲಿ ಆರು ತಿಂಗಳು ಕೂತಿದ್ವು. ಜನವರಿಯಲ್ಲಿ ಪರೇಡ್ ಮುಗಿಸಿ ಲಾಡು ತಿನ್ನೋ ಅರ್ಜೆಂಟಲ್ಲಿ ಯಾರೋ ಒಂದು ಟ್ರಂಪೆಟ್ಟನ್ನ ಮೌತ್‌ಪೀಸ್ ಸಮೇತ ಒಳಗಿಟ್ಟು ಬಾಗಿಲು ಹಾಕಿದ್ದಾರೆ. ಒರೆಸಿಲ್ಲ, ಉಗುಳು ನೀರೂ ಚೆಲ್ಲಿಲ್ಲ.

ಆಗಸ್ಟ್ ಮೊದಲ ವಾರ ಪ್ರಾಕ್ಟೀಸ್ ಶುರು. ಫಸ್ಟ್ ಇಯರ್ ಹುಡುಗ ಒಬ್ಬ ಸೇರಿದ್ದ. ಹೈಸ್ಕೂಲಲ್ಲಿ ಬ್ಯೂಗಲ್ ಊದ್ತಿದ್ದನಂತೆ, ಖುಷಿಯಲ್ಲಿ ಬಂದಿದ್ದ. ರಿಜಿಸ್ಟರಲ್ಲಿ ಸಹಿ ಹಾಕಿ ಟ್ರಂಪೆಟ್ ತಗೊಂಡ. ಮೌತ್‌ಪೀಸ್ ತೊಳೆಯೋಣ ಅಂತ ತೆಗೀಲಿಕ್ಕೆ ಹೋದ. ಬರಲಿಲ್ಲ. ಸಂದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು.

ಇಲ್ಲಿ ನಿಲ್ಲಿಸಿ ಒಂದು ವಿಷಯ ಗಮನಿಸಿ. ಅವನು ಮಾಡಿದ್ದು ಸರಿಯಾದ ಕೆಲಸ. ಊದೋಕೆ ಮುಂಚೆ ತೊಳೆಯೋಣ ಅಂದುಕೊಂಡವನು ಆ ರೂಮಲ್ಲಿ ಅವನೊಬ್ಬನೇ. ನಾವೆಲ್ಲ ಪ್ಯಾಂಟಿಗೆ ಒರೆಸಿಕೊಂಡು ಊದೋ ಗಿರಾಕಿಗಳು.

ಅವನು "ಸರ್‌ಗೆ ಹೇಳೋಣ" ಅಂದ. ಸೀನಿಯರ್‌ಗಳೆಲ್ಲ ಒಟ್ಟಿಗೆ "ಬೇಡ" ಅಂದ್ವಿ. ಹೋದ ವರ್ಷ ಡ್ರಮ್ಮಿನ ಚರ್ಮ ಹರಿದಾಗ ಏನಾಗಿತ್ತು ಅಂತ ನಮಗೆ ಗೊತ್ತಿತ್ತು. ಯಾರ ಕೈಯಲ್ಲಿ ಹರೀತೋ ಅವನ ಜೇಬಿಗೆ ಬಿಲ್ಲು.

3/10

ಮೊದಲು ಇಬ್ಬರು ಸೇರಿ ಎಳೆದ್ವಿ. ಒಬ್ಬ ಮೌತ್‌ಪೀಸ್ ಹಿಡಿದ, ಇನ್ನೊಬ್ಬ ಬೆಲ್ಲು ಹಿಡಿದ. ಹಗ್ಗಜಗ್ಗಾಟ. ರೀಲ್ ಕೂಡ ಮಾಡಿದ್ರು. ಬರಲಿಲ್ಲ. ಆಮೇಲೆ ಒಬ್ಬ ಕಲ್ಲಲ್ಲಿ ಕುಟ್ಟಿದ. ಆಗಲೂ ಬರಲಿಲ್ಲ.

ಆಮೇಲೆ ಪಾರ್ಕಿಂಗ್‌ಗೆ ಹೋಗಿ, ಬೈಕಿನ ಟೂಲ್ ಬಾಕ್ಸಿಂದ ಇಕ್ಕಳ ತಂದು, ಬಟ್ಟೆ ಕೂಡ ಸುತ್ತದೆ ಕಚ್ಚಿಸಿ ತಿರುಗಿಸಿದವನು ನಾನು.

"ಕಟ್" ಅಂತ ಸದ್ದಾಯ್ತು. ಎಲ್ಲರೂ "ಬಂತು!" ಅಂದ್ರು. ಬಂದಿದ್ದು ಮೌತ್‌ಪೀಸ್ ಅಲ್ಲ. ಪೈಪನ್ನ ಟ್ರಂಪೆಟ್ಟಿನ ಮೈಗೆ ಹಿಡಿದಿಟ್ಟ ಅಡ್ಡಕಡ್ಡಿಯ ಬೆಸುಗೆ ಬಿಟ್ಟಿತ್ತು. ಮೌತ್‌ಪೀಸ್ ಅಲ್ಲೇ ಗಟ್ಟಿಯಾಗಿ ಕೂತಿತ್ತು, ಪೈಪೇ ಅದರ ಜೊತೆ ತಿರುಗಿತ್ತು.

ರೀಲ್ ಮಾಡ್ತಿದ್ದವನು ಫೋನ್ ಜೇಬಿಗೆ ಹಾಕಿದ. ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡಿದ್ವಿ.

ಮಾರನೇ ದಿನ ರಿಜಿಸ್ಟರ್ ತೆಗೆದ್ರು. ಆ ಟ್ರಂಪೆಟ್ಟಿನ ಮುಂದೆ ಇದ್ದದ್ದು ಒಂದೇ ಸಹಿ, ಫಸ್ಟ್ ಇಯರ್ ಹುಡುಗಂದು. 1,500 ರೂಪಾಯಿ ಕಟ್ಟು ಅಂದ್ರು. ಅವನು ಯಾರ ಹೆಸರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ, ಶೂ ನೋಡ್ತಾ.

ಅವನು ಎರಡು ದಿನ ಬಿಟ್ಟು ದುಡ್ಡು ಕಟ್ಟಿದ. ಬ್ಯಾಂಡ್ ಬಿಟ್ಟ. ಆಗಸ್ಟ್ 15ಕ್ಕೆ ಒಂದು ಟ್ರಂಪೆಟ್ ಕಮ್ಮಿ ಇಟ್ಕೊಂಡು ನುಡಿಸಿದ್ವಿ. ಅವನು ಮಳೆಯಲ್ಲಿ ಕೊಡೆ ಹಿಡ್ಕೊಂಡು ಕಾಂಪೌಂಡ್ ಹತ್ತಿರ ನಿಂತು ಕೇಳ್ತಿದ್ದ. ನಾನು ಊದ್ತಾ ಇದ್ದೆ, ಆದ್ರೆ ಕಣ್ಣು ಎತ್ತಲಿಲ್ಲ.

ದುಡ್ಡು ಅವನಿಗೆ ವಾಪಸ್ ಕೊಟ್ಟಿದ್ದೀನಿ, ಎರಡು ಕಂತಲ್ಲಿ. ಸರ್‌ಗೂ ಹೋಗಿ ನಿಜ ಹೇಳಿದ್ದೀನಿ. ಇದನ್ನ ಇಲ್ಲಿ ಬರೆಯೋಕೆ ಅವನ ಪರ್ಮಿಷನ್ ಕೇಳಿದ್ದೀನಿ. "ಹೆಸರು ಹಾಕ್ಬೇಡ ಅಷ್ಟೇ" ಅಂದ. ಇನ್ನೂ ಬ್ಯಾಂಡಿಗೆ ವಾಪಸ್ ಬಂದಿಲ್ಲ.

ಹಾಗಾಗಿ "ಒಂದು ಪೀಪಿಗೆ ಇಷ್ಟು ಬೇಜಾರಾ" ಅಂದವರಿಗೆ ಮೊದಲ ಉತ್ತರ: ಪೀಪಿಯ ಲೆಕ್ಕ ಎಂಟನೇ ಪೋಸ್ಟಲ್ಲಿ ಇದೆ. ಹುಡುಗನ ಲೆಕ್ಕ ಯಾವ ಪೋಸ್ಟಲ್ಲೂ ಸರಿ ಹೋಗಲ್ಲ.

4/10

ಈಗ ಸಿಕ್ಕಿಕೊಳ್ಳೋದು ಯಾಕೆ ಅಂತ ನೋಡೋಣ. ನಾನು ಬಿ.ಕಾಂ., ಸೈನ್ಸ್ ಅಲ್ಲ. ಆದ್ರೂ ಇದು ಅರ್ಥ ಆಗ್ತದೆ.

ಮನೇಲಿ ಸ್ಟೀಲ್ ಲೋಟ ಒಂದರೊಳಗೆ ಒಂದು ಸಿಕ್ಕಿಕೊಂಡಿದ್ದು ಎಲ್ಲರೂ ನೋಡಿದ್ದೀರಿ. ಲೋಟ ಕೆಳಗೆ ಸಣ್ಣ, ಮೇಲೆ ದೊಡ್ಡ. ಒಂದರೊಳಗೆ ಒಂದು ಇಟ್ಟು ಮೇಲಿಂದ ಒತ್ತಿದ್ರೆ ಬೆಣೆ ಹೊಡೆದ ಹಾಗೆ ಕೂತು ಬಿಡ್ತದೆ. ಮೌತ್‌ಪೀಸಿನ ಬಾಲವೂ ಹಾಗೇ. ಅದು ನೆಟ್ಟಗಿನ ಕೊಳವೆ ಅಲ್ಲ, ತುದಿಗೆ ಹೋಗ್ತಾ ಸಣ್ಣ ಆಗ್ತದೆ. ಟ್ರಂಪೆಟ್ಟಲ್ಲಿ ಸುಮಾರು 20 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ದಪ್ಪ ಕಮ್ಮಿ ಆಗೋ ಲೆಕ್ಕ. ಅದು ಕೂರೋ ಗೂಡು ಕೂಡ ಅದೇ ಇಳಿಜಾರಲ್ಲಿ ಇರ್ತದೆ. ಇಷ್ಟು ಕಮ್ಮಿ ಇಳಿಜಾರು ಇದ್ರೆ ಸ್ಕ್ರೂ ಬೇಡ, ಕ್ಲಿಪ್ ಬೇಡ, ಬರೀ ಉಜ್ಜುವಿಕೆಯಲ್ಲೇ ಹಿಡ್ಕೊಂಡು ಕೂರ್ತದೆ. ಲೇತ್ ಅಂಗಡಿಯಲ್ಲಿ ದೊಡ್ಡ ಡ್ರಿಲ್ ಬಿಟ್ಟುಗಳನ್ನ ಮೆಷಿನ್ನಿಗೆ ಕೂರಿಸೋದೂ ಇದೇ ಥರದ ಇಳಿಜಾರಲ್ಲಿ.

ಅಂದ್ರೆ ಹಿಡ್ಕೊಳ್ಳೋದೇ ಅದರ ಕೆಲಸ. ಒಂದೊಂದ್ಸಲ ಜಾಸ್ತಿ ಹಿಡ್ಕೊಳ್ತದೆ. ಯಾವಾಗ?

ಒಂದು, ಮೌತ್‌ಪೀಸ್ ಹಾಕಿ ಅಂಗೈಲಿ "ಪಪ್" ಅಂತ ಹೊಡೆದಾಗ. ಆ ಸದ್ದು ಚಂದ ಅಂತ ಎಲ್ಲರೂ ಹೊಡೀತಾರೆ. ಸುತ್ತಿಗೆಯಲ್ಲಿ ಬೆಣೆ ಹೊಡೆಯೋದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.
ಎರಡು, ವಾದ್ಯ ಕೈ ಜಾರಿ ಮೌತ್‌ಪೀಸ್ ಮೇಲೆ ಬಿದ್ದಾಗ.
ಮೂರು, ಬಾಲದ ತುದಿ ಬಿದ್ದು ನಜ್ಜಾಗಿ ದುಂಡು ತಪ್ಪಿದಾಗ.
ನಾಲ್ಕು, ಬೇರೆ ವಾದ್ಯದ ಮೌತ್‌ಪೀಸ್ ಹಾಕಿದಾಗ. ಕಾರ್ನೆಟ್ಟಿಂದು ಟ್ರಂಪೆಟ್ಟಿಗಿಂತ ಸಣ್ಣ, ಹಾಕಿದ್ರೆ ಆಳಕ್ಕೆ ಇಳೀತದೆ. ನಮ್ಮ ಕಪಾಟಲ್ಲಿ ಎಲ್ಲ ಒಂದೇ ಡಬ್ಬಿಯಲ್ಲಿ.
ಐದು, ನಮ್ಮ ಕೇಸು. ಹಾಗೇ ಬಿಟ್ಟಾಗ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ಆದ್ರೆ ಉಗುಳು, ತೇವ, ಟೀ ಕುಡಿದ ಬಾಯಿ, ಎಲ್ಲ ಸೇರಿ ಕಿಲುಬು ಕಟ್ತದೆ. ಆ ಕಿಲುಬು ಸಂದಿಯಲ್ಲಿ ಗಾರೆ ಮೆತ್ತಿದ ಹಾಗೆ.

ಈ ಐದರಲ್ಲಿ ಯಾವುದೂ ಕೊನೆಗೆ ಸಹಿ ಹಾಕಿದವನ ತಪ್ಪು ಅಂತ ರಿಜಿಸ್ಟರ್ ನೋಡಿ ಹೇಳ್ಲಿಕ್ಕೆ ಆಗಲ್ಲ.

5/10

"ಇನ್ನೂ ಸ್ವಲ್ಪ ಜೋರಾಗಿ ಎಳೀಬೇಕಿತ್ತು" ಅಂದವನೇ, ಇದು ನಿನಗೆ.

ನಮ್ಮಲ್ಲಿ ಒಂದು ರೋಗ ಇದೆ. ಬರಲಿಲ್ಲ ಅಂದ್ರೆ ಜೋರು. ಬಾಗಿಲು ಬರಲಿಲ್ವಾ, ಒದಿ. ಚಾರ್ಜರ್ ಹೋಗ್ತಿಲ್ವಾ, ಒತ್ತು. ಬೈಕ್ ಸ್ಟಾರ್ಟ್ ಆಗ್ತಿಲ್ವಾ, ಒದೀತಾ ಇರು, ಪೆಟ್ರೋಲ್ ನೋಡೋದು ಆಮೇಲೆ. ಯಾವ ದಿಕ್ಕಿಗೆ ಹಾಕಬೇಕು ಅಂತ ಯೋಚಿಸೋ ಮುಂಚೆ ಬಲ ಹಾಕಿ ಆಗಿರ್ತದೆ.

ಟ್ರಂಪೆಟ್ ಹೇಗೆ ಕಟ್ಟಿರ್ತಾರೆ ನೋಡು. ಮೌತ್‌ಪೀಸ್ ಗಟ್ಟಿ, ದಪ್ಪ ಹಿತ್ತಾಳೆ. ಅದು ಕೂತಿರೋ ಪೈಪು ತೆಳು. ಯಾಕಂದ್ರೆ ಅದು ನಾದ ಬರೋ ದಾರಿ. ಆ ಪೈಪನ್ನ ಉಳಿದ ಮೈಗೆ ಹಿಡಿದಿರೋದು ಒಂದೆರಡು ಅಡ್ಡಕಡ್ಡಿ, ಅದಕ್ಕೆ ಮೆತ್ತನೆ ಬೆಸುಗೆ. ರೇಡಿಯೋ ರಿಪೇರಿ ಮಾಡೋವಾಗ ಹಾಕ್ತಾರಲ್ಲ, ಅದೇ ಥರದ್ದು. ಬೇಕಾದಾಗ ಬಿಸಿ ಮಾಡಿ ಬಿಚ್ಚಿ ರಿಪೇರಿ ಮಾಡ್ಲಿ ಅಂತಲೇ ಹಾಗೆ ಮಾಡಿರ್ತಾರೆ.

ಈಗ ನೀನು ಇಕ್ಕಳ ಹಾಕಿ ತಿರುಗಿಸ್ತೀಯ. ಮೂರು ಜಾಗ ಪೈಪೋಟಿಯಲ್ಲಿ ಇರ್ತಾವೆ: ಸಿಕ್ಕಿಕೊಂಡ ಬೆಣೆ, ತೆಳು ಪೈಪು, ಮೆತ್ತನೆ ಬೆಸುಗೆ. ಯಾವುದು ಮೊದಲು ಸೋಲ್ತದೆ? ಬೆಣೆ ಅಂತೂ ಅಲ್ಲ. ಅದರ ಮೇಲೆ ಇಕ್ಕಳದ ಹಲ್ಲು ಮೌತ್‌ಪೀಸಿನ ಬಾಲವನ್ನ ಹಿಸುಕಿ ದುಂಡು ತಪ್ಪಿಸ್ತದೆ, ಮೇಲಿನ ಬೆಳ್ಳಿ ಲೇಪ ಕೀಳ್ತದೆ. ಹಿಸುಕಿದ ಮೇಲೆ ಅದು ಇನ್ನೂ ಬಿಗಿ.

ಹಗ್ಗಜಗ್ಗಾಟವೂ ಅಷ್ಟೇ. ಬೆಲ್ ಹಿಡಿದು ಎಳೆದವನ ಬಲ ಸಿಕ್ಕಿಕೊಂಡ ಜಾಗಕ್ಕೆ ನೇರ ಹೋಗಲ್ಲ. ದಾರೀಲಿ ಇರೋ ಎಲ್ಲ ಬೆಸುಗೆ ದಾಟಿ ಹೋಗ್ತದೆ. ಪೈಪು ಒಂದು ಕಡೆ, ಬೆಲ್ಲು ಒಂದು ಕಡೆ. ಎಳೆದದ್ದು ಸೊಟ್ಟ.

ಇಬ್ಬರು ಗಟ್ಟಿ ಹುಡುಗರು, ಒಂದು ಇಕ್ಕಳ, ಐದು ನಿಮಿಷ. ಇಷ್ಟು ಸಾಕು ಹತ್ತು ವರ್ಷ ಬಾಳೋ ವಾದ್ಯಕ್ಕೆ. ಶಕ್ತಿ ಕಮ್ಮಿ ಆಗಿ ಸೋತಿದ್ದಲ್ಲ ನಾವು.

6/10

ಆಗಸ್ಟ್ ಕೊನೆಗೆ, ನಿಜ ಹೇಳಿದ ಮೇಲೆ, ಸರ್ "ನೀನೇ ಸರಿ ಮಾಡಿಸಿ ತಾ" ಅಂದ್ರು. ಎಲ್ಲಿಗೆ ಹೋಗೋದು? ಗಿಟಾರ್ ತಂತಿ ಮಾರೋ ಅಂಗಡಿಯಲ್ಲಿ ಕೇಳಿದೆ. ಪಾತ್ರೆ ಕಲಾಯಿ ಹಾಕೋರ ಹತ್ತಿರ ಕೇಳಿದೆ. ಕೊನೆಗೆ ಮದುವೆ ಬ್ಯಾಂಡಲ್ಲಿ ಊದೋ ಹಿರಿಯರೊಬ್ಬರು ಸಿಕ್ಕಿದ್ರು. ಕೆಂಪು ಕೋಟು ಗೋಡೆಗೆ ನೇತುಹಾಕಿದ್ರು. ಟ್ರಂಪೆಟ್ ಕೈಗೆ ತಗೊಂಡು ಇಕ್ಕಳದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ್ರು. ಒಂದೇ ಮಾತು ಕೇಳಿದ್ದು:

"ಬಾಯಿ ಇಡೋ ಜಾಗಕ್ಕೆ ಇಕ್ಕಳ ಹಾಕ್ತಾರೇನೋ?"

ಆಮೇಲೆ ಒಂದು ಡಬ್ಬಿಯಿಂದ ಅಂಗೈ ಅಗಲದ ಕಬ್ಬಿಣದ ಸಾಮಾನು ತೆಗೆದ್ರು. ಲೇತ್ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದಂತೆ. ಪೇಟೆಯಲ್ಲಿ ಸಿಗೋದಕ್ಕೆ ಮೌತ್‌ಪೀಸ್ ಪುಲ್ಲರ್ ಅಂತಾರೆ. ಎರಡು ದಪ್ಪ ಪಟ್ಟಿ. ಒಂದು ಪಟ್ಟಿ ಪೈಪಿನ ಗೂಡಿನ ಅಂಚಿಗೆ ಒರಗ್ತದೆ, ಇನ್ನೊಂದು ಮೌತ್‌ಪೀಸಿನ ಬಟ್ಟಲಿನ ಬುಡಕ್ಕೆ. ನಡುವೆ ಎರಡು ಸ್ಕ್ರೂ. ಅವರು ಈ ಸ್ಕ್ರೂ ಅರ್ಧ ಸುತ್ತು, ಆ ಸ್ಕ್ರೂ ಅರ್ಧ ಸುತ್ತು, ಮತ್ತೆ ಇದು, ಮತ್ತೆ ಅದು. ಪಟ್ಟಿಗಳು ಸಮವಾಗಿ ದೂರ ಆಗ್ತಾ ಹೋದ್ವು. ತಿರುಚೋದಿಲ್ಲ, ಹಿಸುಕೋದಿಲ್ಲ, ನೇರ ದೂಡ್ತದೆ. ಬೆಸುಗೆಗೆ ಸುದ್ದಿಯೇ ಗೊತ್ತಾಗಲ್ಲ.

"ಟಿಕ್" ಅಂತ ಮೌತ್‌ಪೀಸ್ ಅವರ ಮಡಿಲಿಗೆ ಬಿತ್ತು. ಒಂದು ನಿಮಿಷ ಆಗಿರಲಿಲ್ಲ.

ನನಗೆ ಅಲ್ಲಿ ನಾಚಿಕೆ ಆಯ್ತು. ಎರಡು ಕಾರಣಕ್ಕೆ. ಒಂದು, ಇಷ್ಟೇ ಆಗಿತ್ತಲ್ಲ ಅಂತ. ಎರಡು, ನಮ್ಮ ಗುಂಪಲ್ಲಿ "ಬ್ಯಾಂಡ್‌ನವರು" ಅನ್ನೋದೇ ಒಂದು ಬೈಗುಳ. ಚೆನ್ನಾಗಿ ಊದದವನಿಗೆ "ಮದುವೆ ಬ್ಯಾಂಡಿಗೆ ಹೋಗು" ಅಂತೀವಿ. ದಸರಾದಲ್ಲಿ ಮೈಸೂರು ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸಿದ್ರೆ ಎದ್ದು ನಿಂತು ಚಪ್ಪಾಳೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಬ್ಯಾಂಡು ಅಂದ್ರೆ ಹೆಮ್ಮೆ. ಅದೇ ಹಿತ್ತಾಳೆ, ಅದೇ ಉಸಿರು, ದಿಬ್ಬಣದ ಮುಂದೆ ನಡೆದ್ರೆ ಮಾತ್ರ ತಮಾಷೆ.

ವಾದ್ಯದಿಂದ ಹೊಟ್ಟೆ ತುಂಬಿಸ್ಕೊಳ್ಳೋರಿಗೆ ಮಾತ್ರ ವಾದ್ಯದ ಬೆಲೆ ಗೊತ್ತು. ಪೈಪಿನ ತಿರುಚು ಅವರ ಹತ್ತಿರ ಸರಿ ಆಗಲ್ಲ ಅಂದ್ರು. ದುಡ್ಡು ತಗೊಳ್ಳಲಿಲ್ಲ. "ಹುಡುಗ್ರಿಗೆ ಹೇಳು" ಅಂದ್ರು. ಹೇಳ್ತಿದ್ದೀನಿ.

7/10

ಇದನ್ನ ಸೇವ್ ಮಾಡಿ. ಸ್ಕೂಲ್ ಬ್ಯಾಂಡ್, ಎನ್‌ಸಿಸಿ, ಸ್ಕೌಟ್ಸ್, ಎಲ್ಲರಿಗೂ.

ಸಿಕ್ಕಿಕೊಂಡ್ರೆ:

• ಒಬ್ಬನೇ ಮಾಡು. ಒಂದು ಕೈ ಮೌತ್‌ಪೀಸಿಗೆ, ಇನ್ನೊಂದು ಕೈ ಅದರ ಪಕ್ಕದ ಪೈಪಿಗೆ, ಗೂಡಿನ ಹತ್ತಿರದಲ್ಲೇ. ಬೆಲ್ ಹಿಡೀಬೇಡ, ವಾಲ್ವ್ ಹಿಡೀಬೇಡ. ರಬ್ಬರ್ ಗ್ಲೌಸ್ ಇದ್ರೆ ಹಿಡಿತ ಸಿಗ್ತದೆ. ಮೆಲ್ಲಗೆ ತಿರುಗಿಸ್ತಾ ನೇರ ಎಳಿ. ಮೂರು ಸಲ. ಬರಲಿಲ್ವಾ, ನಿಲ್ಲಿಸು.

• ಸಂದಿಗೆ ಎರಡು ಹನಿ ತೆಳು ಎಣ್ಣೆ. ಡಬ್ಲ್ಯೂಡಿ-40 ಥರದ್ದು ಆಗ್ತದೆ. ಕೊಬ್ಬರಿ ಎಣ್ಣೆ ಬೇಡ, ನಮ್ಮೂರ ಚಳಿಗೆ ಅದು ಒಳಗೇ ಗಟ್ಟಿಯಾಗ್ತದೆ. ಟ್ರಂಪೆಟ್ಟನ್ನ ದಿಂಬಿನ ಮಧ್ಯ ಬೆಲ್ ಕೆಳಗೆ ಮಾಡಿ ನಿಲ್ಲಿಸು, ಆಗ ಮೌತ್‌ಪೀಸ್ ಮೇಲೆ ಬರ್ತದೆ, ಎಣ್ಣೆ ಸಂದಿಗೆ ಇಳೀತದೆ. ಒಂದು ರಾತ್ರಿ ಬಿಡು. ತೆಗೆದ ಮೇಲೆ ಸೋಪು ಹಾಕಿ ಚೆನ್ನಾಗಿ ತೊಳಿ, ಬಾಯಿ ಇಡೋ ಸಾಮಾನು ಅದು.

• ಲೋಟದ ಉಪಾಯ, ಅಂದ್ರೆ ಒಳಗಿಂದಕ್ಕೆ ತಣ್ಣಗೆ, ಹೊರಗಿಂದಕ್ಕೆ ಬಿಸಿ. ಮೌತ್‌ಪೀಸಿಗೆ ಐಸು, ಗೂಡಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ. ತಪ್ಪಲ್ಲ, ಆದ್ರೆ ಜಾಸ್ತಿ ನಂಬಬೇಡ. 10 ಮಿಲಿಮೀಟರ್ ದಪ್ಪದ ಹಿತ್ತಾಳೆ 50 ಡಿಗ್ರಿ ಬಿಸಿಯಾದ್ರೂ ಹಿಗ್ಗೋದು ಮಿಲಿಮೀಟರಿನ ನೂರನೇ ಒಂದು ಭಾಗ. ಎರಡೂ ಹಿತ್ತಾಳೆ, ಬಿಸಿ ಬೇಗ ಆಚೆಗೂ ದಾಟ್ತದೆ. ಬೆಂಕಿ ಮಾತ್ರ ಬೇಡವೇ ಬೇಡ, ಬೆಸುಗೆ ಕರಗ್ತದೆ.

• ಆಗಲೂ ಬರಲಿಲ್ವಾ? ಪುಲ್ಲರ್ ಇರೋರ ಹತ್ತಿರ ಹೋಗು. ಊರಿನ ಬ್ಯಾಂಡ್‌ನವರನ್ನ ಕೇಳು.

ಮಾಡಬಾರದ್ದು: ಇಕ್ಕಳ, ಪೈಪ್ ರೆಂಚ್, ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸೋದು, ಕಲ್ಲು, ಹಗ್ಗಜಗ್ಗಾಟ. ದೀಪ ತೊಳೆಯೋ ಹಾಗೆ ಹುಣಸೆಹುಳಿಯಲ್ಲಿ ನೆನೆ ಹಾಕೋದು ಕೂಡ ಬೇಡ. ಮೇಲಿನ ಲೇಪ ಹಾಳು, ಹುಳಿ ಹಿತ್ತಾಳೆಯಿಂದ ಸತುವನ್ನೂ ಎಳೀತದೆ.

ಸಿಕ್ಕಿಕೊಳ್ಳದ ಹಾಗೆ: ಹಾಕೋವಾಗ ಹೊಡೀಬೇಡ, ಇಟ್ಟು ಸ್ವಲ್ಪ ತಿರುಗಿಸು ಸಾಕು. ಊದಿ ಆದ ತಕ್ಷಣ ತೆಗಿ, ತೊಳಿ, ಒರೆಸು, ಬೇರೆ ಇಡು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಪಾಟು ತೆಗಿ.

8/10

"ಹೋದ್ರೆ ಹೋಯ್ತು, ಕಾಲೇಜಿಂದಲ್ವಾ" ಅಂದವರಿಗೆ ಈಗ ಅಕೌಂಟ್ಸ್ ಕ್ಲಾಸು. ಕಾಮರ್ಸ್ ಓದಿದ್ದು ಇಷ್ಟಾದ್ರೂ ಉಪಯೋಗಕ್ಕೆ ಬರಲಿ.

ಲೆಕ್ಕಕ್ಕೆ ಅಂತ ಒಂದು ಟ್ರಂಪೆಟ್ 20,000 ರೂಪಾಯಿ ಅಂದುಕೊಳ್ಳಿ. ಬಾಳಿಕೆ 10 ವರ್ಷ, ಕೊನೆಗೆ ಗುಜರಿ ಬೆಲೆ 2,000. ಸ್ಟ್ರೈಟ್ ಲೈನ್ ವಿಧಾನದಲ್ಲಿ ವರ್ಷಕ್ಕೆ ಸವಕಳಿ 1,800. ಮೂರು ವರ್ಷಕ್ಕೆ 5,400. ಪುಸ್ತಕದಲ್ಲಿ ಉಳಿದ ಬೆಲೆ 14,600. ಅಷ್ಟರಲ್ಲಿ ನನ್ನಂಥ ಒಬ್ಬ ಇಕ್ಕಳ ತಂದ. ಗುಜರಿಗೆ ಹಾಕಿದ್ರೆ 2,000. ನಷ್ಟ 12,600.

ಇದರ ಎದುರು ಒಂದು ಪುಲ್ಲರ್ ಇಡಿ. ಬೇಕಾದ್ರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದಾದ ಎರಡು ಪಟ್ಟಿ, ಎರಡು ಸ್ಕ್ರೂ. ಒಂದು ಪುಲ್ಲರ್ ಬ್ಯಾಂಡಿನ ಎಲ್ಲ ಟ್ರಂಪೆಟ್ಟಿಗೂ ಸಾಕು, ವರ್ಷಗಟ್ಟಲೆ ಸಾಕು. ಇದನ್ನ ಕೊಳ್ಳದೆ ಇರೋದು ಉಳಿತಾಯ ಅಂತ ಯಾವ ಪುಸ್ತಕದಲ್ಲಿದೆ?

ಆದ್ರೂ ಯಾರೂ ಕೊಳ್ಳಲ್ಲ. ಯಾಕೆ ಗೊತ್ತಾ? ಟ್ರಂಪೆಟ್ ಕೊಂಡಾಗ ಫೋಟೋ ಇರ್ತದೆ. ಕುಂಕುಮ ಹಚ್ಚಿ, ಹೂ ಹಾಕಿ, ಅತಿಥಿಗಳ ಕೈಯಲ್ಲಿ ಕೊಡಿಸ್ತಾರೆ. ವಾಲ್ವ್ ಎಣ್ಣೆ ಕೊಂಡಾಗ, ಒರೆಸೋ ಬಟ್ಟೆ ಕೊಂಡಾಗ ಯಾರೂ ಫೋಟೋ ತೆಗೆಯಲ್ಲ. ಕೊಳ್ಳೋದಕ್ಕೆ ಹೆಡ್ ಇದೆ, ಕಾಪಾಡೋದಕ್ಕೆ ಹೆಡ್ ಇಲ್ಲ. ಬಂಡವಾಳ ವೆಚ್ಚಕ್ಕೆ ಮಾಲೆ, ನಿರ್ವಹಣಾ ವೆಚ್ಚಕ್ಕೆ "ನೋಡೋಣ".

ಹಾಗಾಗಿ ವಾದ್ಯ ಸ್ಟಾಕ್ ರಿಜಿಸ್ಟರಿಂದ ಸೀದಾ ಡೆಡ್ ಸ್ಟಾಕ್ ರಿಜಿಸ್ಟರಿಗೆ ಹೋಗ್ತದೆ. ಮಧ್ಯೆ ರಿಪೇರಿ ಅನ್ನೋ ಪುಟವೇ ಇಲ್ಲ.

ಮತ್ತೆ ಹೊಸದು ತರಿಸೋದು ಎಲ್ಲಿಂದ? ನಮ್ಮ ದೇಶದ ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಊರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಜಾಲಿ ಕೋಠಿ ಬಡಾವಣೆಯಲ್ಲಿ ತಗಡು ಬಡಿದು, ಬಾಗಿಸಿ, ಬೆಸೆದು ಕೈಯಾರೆ ಮಾಡ್ತಾರೆ. ಅಷ್ಟು ದೂರದಿಂದ ಯಾರದೋ ಕೈಕೆಲಸ ಸಾಗರದ ಕಪಾಟಿಗೆ ಬಂದು, ಒಂದು ಹನಿ ಎಣ್ಣೆ ಇಲ್ಲದೆ ಸಾಯ್ತದೆ. "ಕಾಲೇಜಿಂದು" ಅಂದ್ರೆ ಯಾರದೂ ಅಲ್ಲ ಅಂತ ಅರ್ಥ ಅಲ್ಲ. ನಮ್ಮ ಫೀಸು, ನಮ್ಮ ಅಪ್ಪ ಅಮ್ಮನ ತೆರಿಗೆ. ನಮ್ಮ ಮುಂದಿನ ಬ್ಯಾಚಿನವರ ಟ್ರಂಪೆಟ್ಟು ಅದು.

9/10

ಸರ್ ಹೇಳಿದ ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ. ನಾನು ದಂಡ ತೆಗೀರಿ ಅಂದಾಗ ಅವರು ಅಂದ್ರು: "ದಂಡ ಇಲ್ಲ ಅಂದ್ರೆ ನೀವು ಇನ್ನೂ ಬೇಜವಾಬ್ದಾರಿ ಆಗ್ತೀರಿ. ಆಡಿಟ್‌ನಲ್ಲಿ ಉತ್ತರ ಕೊಡೋನು ನಾನು."

ಎರಡನೇ ಮಾತು ಒಪ್ತೀನಿ. ಅವರ ಮೇಲೂ ಒಬ್ಬರು ಇದ್ದಾರೆ, ಅವರಿಗೂ ಹೆದರಿಕೆ. ನಾವು ಅವರಿಂದ ಮುಚ್ಚಿಟ್ವಿ, ಅವರು ಮೇಲಿನವರಿಂದ ಮುಚ್ಚಿಡ್ತಾರೆ. ಮೊದಲನೇ ಮಾತು ಒಪ್ಪಲ್ಲ. ದಂಡ ಇತ್ತಲ್ಲ? ಜವಾಬ್ದಾರಿ ಬಂತಾ? ದಂಡ ಕಟ್ಟಿದ್ದು ಜವಾಬ್ದಾರಿ ಇದ್ದವನು, ತಪ್ಪಿಸಿಕೊಂಡದ್ದು ಇಲ್ಲದವನು. ಆ ಇಲ್ಲದವನು ಈ ಪೋಸ್ಟ್ ಬರೀತಿದ್ದಾನೆ. ಇದಕ್ಕಿಂತ ಸಾಕ್ಷಿ ಬೇಕಾ?

ಕಾಪಾಡೋದು ಹೆದರಿಕೆಯಿಂದ ಬರಲ್ಲ, ಅಭ್ಯಾಸದಿಂದ ಬರ್ತದೆ. ನಮ್ಮ ಕಣ್ಣೆದುರಿಗೇ ಇದೆ.

ದೇವಸ್ಥಾನದಲ್ಲಿ ನಾಗಸ್ವರ ನುಡಿಸೋರನ್ನ ಹತ್ತಿರದಿಂದ ನೋಡಿ. ಬಾಯಿ ಇಡೋ ಕಡೆ ದಾರದಲ್ಲಿ ಏನೋ ನೇತಾಡ್ತಾ ಇರ್ತದೆ. ಅಲಂಕಾರ ಅಂದುಕೊಂಡಿದ್ದೆ. ಅದು ಹೆಚ್ಚಿನ ಓಲೆಗಳು ಮತ್ತೆ ಓಲೆ ಸರಿ ಮಾಡೋ ಸೂಜಿ. ಅಂದ್ರೆ ಬಾಯಿ ಇಡೋ ಜಾಗ ಕೈ ಕೊಡ್ತದೆ ಅಂತ ಮೊದಲೇ ಗೊತ್ತಿದ್ದು, ರಿಪೇರಿ ಸಾಮಾನನ್ನ ವಾದ್ಯಕ್ಕೇ ಕಟ್ಟಿಕೊಂಡಿದ್ದಾರೆ. ಓಲೆ ಹೋಯ್ತು ಅಂತ ಯಾರೂ ಅವರಿಗೆ ದಂಡ ಹಾಕಲ್ಲ.

ಅಡಿಕೆ ತೋಟ ಇರೋರ ಮನೆ ನೋಡಿ. ಕೊಳೆ ರೋಗಕ್ಕೆ ಬೋರ್ಡೋ ಹೊಡೀತಾರೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸಂಜೆ ಆಳುಗಳು ಎಷ್ಟೇ ಸುಸ್ತಾಗಿರಲಿ, ಪಂಪು ತೊಳೆದು, ನಾಸಲ್ ಬಿಚ್ಚಿ, ಶುದ್ಧ ನೀರು ಹೊಡೆಸಿಯೇ ಒಳಗಿಡೋದು. ಬಿಚ್ಚದೆ ಇಟ್ರೆ ಮಾರನೇ ದಿನ ಸುಣ್ಣ ಕಚ್ಚಿಕೊಂಡಿರ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮಪ್ಪ ನನಗೆ ನಾಸಲ್ ಬಿಚ್ಚೋದು ಕಲಿಸಿದಾಗ ನಾನು ಏಳನೇ ಕ್ಲಾಸು. ಅದೇ ಕೈ ಕಾಲೇಜಿಗೆ ಹೋಗಿ ಮೌತ್‌ಪೀಸ್ ಬಿಚ್ಚದೆ ಇಟ್ಟು ಬಂತು.

ಹೌದು. ಜನವರಿಯಲ್ಲಿ ಅದನ್ನ ಹಾಗೇ ಇಟ್ಟವನು ಯಾರೋ ಅಂತ ಎರಡನೇ ಪೋಸ್ಟಲ್ಲಿ ಬರೆದೆನಲ್ಲ. ನಾನೇ ಇರಬಹುದು. ನೆನಪಿಲ್ಲ. ಅಂದು ಎಲ್ಲರೂ ಹಾಗೇ ಇಟ್ಟಿದ್ವಿ, ಯಾರೂ ಕಲಿಸಿರಲಿಲ್ಲ. ನಾಸಲ್ ಕಲಿಸಿದ್ರು, ಅದಕ್ಕೆ ಬಂತು.

10/10

ಕೊನೇದು. ಬೇಡಿಕೆ ನಾಲ್ಕೇ ನಾಲ್ಕು. ಪ್ರಿಂಟ್ ಹಾಕಿ ಬ್ಯಾಂಡಿನವರ ಸಹಿ ಮಾಡಿಸಿ ಕೊಟ್ಟಿದ್ದೀನಿ. ನಿಮ್ಮ ಕಾಲೇಜಲ್ಲೂ ಬೇಕಾದ್ರೆ ಇದನ್ನೇ ಕಾಪಿ ಮಾಡಿಕೊಳ್ಳಿ, ಕ್ರೆಡಿಟ್ ಬೇಡ.

1. ಬ್ಯಾಂಡ್ ಇರೋ ಕಡೆ ಒಂದು ಪುಲ್ಲರ್, ಒಂದು ಬಾಟ್ಲಿ ವಾಲ್ವ್ ಎಣ್ಣೆ, ಒರೆಸೋ ಬಟ್ಟೆ. ಕಪಾಟಿನ ಒಳಗೇ ಇರಲಿ. ಆಫೀಸಲ್ಲಿ ಬೀಗ ಹಾಕಿ ಇಡೋದಾದ್ರೆ ಕೊಳ್ಳೋದೇ ಬೇಡ.

2. ಸಹಿ ರಿಜಿಸ್ಟರಲ್ಲಿ ಇನ್ನೆರಡು ಕಾಲಂ: "ತಗೊಂಡಾಗ ಹೇಗಿತ್ತು", "ಕೊಟ್ಟಾಗ ಹೇಗಿತ್ತು". ಪ್ರತಿ ಮೌತ್‌ಪೀಸಿಗೆ ಅದರ ವಾದ್ಯದ ನಂಬರ್. ಆಗ ಕೊನೆಗೆ ಮುಟ್ಟಿದವನೇ ಕಳ್ಳ ಅನ್ನೋದು ತಪ್ಪುತ್ತದೆ.

3. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೆ ಅರ್ಧ ಗಂಟೆ ಕಪಾಟು ತೆಗೆಯೋದು. ಪ್ರಾಕ್ಟೀಸ್ ಇರಲಿ, ಇಲ್ಲದೆ ಇರಲಿ.

4. ಇದೇ ಮುಖ್ಯ. ಹಾಳಾಗಿದೆ ಅಂತ ಬಂದು ಹೇಳಿದವನಿಗೆ ದಂಡ ಇಲ್ಲ. ಮುಚ್ಚಿಟ್ಟವನಿಗೆ ಬೇಕಾದ್ರೆ ಹಾಕಿ, ನನ್ನಿಂದಲೇ ಶುರು ಮಾಡಿ.

ಸರ್ ಓದಿದ್ರು. ಎರಡನೇದು ಆಯ್ತು ಅಂದ್ರು, ಹೊಸ ರಿಜಿಸ್ಟರ್ ಬಂದಿದೆ. ಮೊದಲನೇದಕ್ಕೆ "ನೋಡೋಣ". ಅದಕ್ಕೆ ಕಾಯೋದು ಬೇಡ ಅಂತ ನಾವು ಆರು ಜನ ದುಡ್ಡು ಹಾಕಿ ಅದೇ ಲೇತ್ ಅಂಗಡಿಯಲ್ಲಿ ಒಂದು ಮಾಡಿಸ್ತಿದ್ದೀವಿ. ಹಿರಿಯರು ಅಳತೆಗೆ ತಮ್ಮದನ್ನ ಕೊಟ್ಟಿದ್ದಾರೆ. ನಾಲ್ಕನೇದಕ್ಕೆ ಇನ್ನೂ ಉತ್ತರ ಬಂದಿಲ್ಲ. ಕೇಳ್ತಾ ಇರ್ತೀನಿ.

ನನ್ನ ಜೂನಿಯರ್‌ಗಳಿಗೆ ಒಂದು ಮಾತು. ಯಾವುದಾದ್ರೂ ಸಿಕ್ಕಿಕೊಂಡ್ರೆ ನನ್ನ ಹತ್ತಿರ ಬನ್ನಿ. ಬೈಯಲ್ಲ. ಜೊತೆಗೆ ಬಂದು ಸರ್ ಮುಂದೆ ನಿಲ್ತೀನಿ, ಈ ಸಲ ಶೂ ನೋಡಲ್ಲ.

ಮತ್ತೆ ನಿನಗೆ. ನೀನು ಇದನ್ನ ಓದ್ತೀಯ ಅಂತ ಗೊತ್ತು. ಜನವರಿ 26ಕ್ಕೆ ಎರಡನೇ ಟ್ರಂಪೆಟ್ಟಿನ ಜಾಗ ಖಾಲಿ ಇದೆ. ಮೌತ್‌ಪೀಸ್ ತೆಗೆದು, ತೊಳೆದು, ಬೇರೆ ಇಟ್ಟಿದ್ದೀನಿ. ಬೇಕಾದ್ರೆ ನನ್ನ ಟ್ರಂಪೆಟ್ ತಗೋ, ನಾನು ಡ್ರಮ್ ಬಾರಿಸ್ತೀನಿ.

#ಬಾಯಿಇಡೋಜಾಗ #ಬ್ಯಾಂಡ್‌ನವರು #ವರದಹಳ್ಳಿ #ಸಾಗರ #ಮಲೆನಾಡು #ಬಿಕಾಂಹುಡುಗರು